ಒತ್ತು, ಹಿಡ್ಕ, ಬುಡು

ತಾಳವಾಡಿಯಲ್ಲಿ ಓಡಾಡುವ ಅರ್ಧ ಕಾರುಗಳಲ್ಲಿ
ನಾನು ಕೂತಿದ್ದೇನೆ, ಸ್ಟೇರಿಂಗಿನ ಮುಂದೆಯೇ.
ಒಂದೂ ಒಂದು ಮೊಳ ಮುಂದೆ ಹೋದದ್ದಿಲ್ಲ.
ಜಾಕಿಯ ಮೇಲೆ ನಿಂತ ಕಾರು,
ಚಕ್ರ ಕಳಚಿ ಪಕ್ಕಕ್ಕೆ ಒರಗಿಸಿದ ಕಾರು,
ಗಾಜಿನಾಚೆ ಅದೇ ಗೋಡೆ, ಅದೇ ಹಳೆ ಟಯರಿನ ರಾಶಿ,
ಎರಡು ವರ್ಷ ಹಿಂದಿನ ತಮಿಳು ಕ್ಯಾಲೆಂಡರಿನಲ್ಲಿ
ಇನ್ನೂ ನಗುತ್ತಿರುವ ಮುರುಗ.
ಕೆಳಗಿನಿಂದ ಜಡೇಸ್ವಾಮಿಯ ದನಿ ಮಾತ್ರ:
ಒತ್ತಮ್ಮಿ. ಒತ್ತು. ಇನ್ನೊಂದ್ಸಲ. ಹಿಡ್ಕ.
ಬುಡು.

ಮೊನ್ನೆ ಗುರುಮಲ್ಲು ಬಂದ.
ಸತ್ಯಮಂಗಲದಲ್ಲಿ ಕೊಂಡ ಹಳೇ ಸ್ವಿಫ್ಟು,
ಕೈಯಲ್ಲಿ ಕೊಯಮತ್ತೂರಿನ ಕೆಂಪು ಬಣ್ಣದ ಡಬ್ಬಿ.
‘ಕ್ಯಾಲಿಪರಿಗೆ ಬಳದ್ಬುಡಣ್ಣ, ರೇಸು ಕಾರ್ಗೆ ಇರ್ತದಲ್ಲ ಹಂಗೆ.
ಚಕ್ರದ ಸಂದೀಲಿ ಕಾಣ್ಬೇಕು, ಅಷ್ಟೆ.’
ಹೆಣ್ಣು ನೋಡಲು ಹೊರಟಿದ್ದಾನೆ, ಬಣ್ಣಾರಿಯಿಂದಾಚೆ.
ಹುಡುಗಿ ಕಾರಿನ ಚಕ್ರದ ಸಂದಿ ನೋಡುತ್ತಾಳೋ ಇಲ್ಲವೋ,
ಅವಳ ತಮ್ಮ ನೋಡುತ್ತಾನೆ.

ಚಕ್ರ ಬಿಚ್ಚಿದರೆ
ಒಂದು ಪ್ಯಾಡು ಬಿಸ್ಕತ್ತಿನಷ್ಟು ದಪ್ಪ, ಹೊಸದರಂತೆ;
ಜೊತೆಯದು ಸವೆದು
ಕಬ್ಬಿಣ ಕಬ್ಬಿಣವನ್ನೇ ಕೆರೆಯುತ್ತಿದೆ.
ಪಿನ್ನು ಒಣಗಿದೆ. ರಬ್ಬರು ಹರಿದಿದೆ.
ತುಕ್ಕು ತಿಂದ ಪಿಸ್ಟನ್ನು ಕಚ್ಚಿಕೊಂಡು ಕೂತಿದೆ.
ಜಡೇಸ್ವಾಮಿ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿದ:
‘ಇದು ಹಿಡೀತದೆ ಕುಸೊ, ಬುಡಾದಿಲ್ಲ.
ಬುಡ್ದೆ ಇರಾದು ಬ್ರೇಕಲ್ಲ, ಜಗಳ.’
ನಮ್ಮ ಮನೆಯ ಜಗಳಗಳು
ಅವನಿಗೆ ಹೀಗೆ ಕೆಲಸಕ್ಕೆ ಬರುತ್ತವೆ.

ದಿಂಬಂನಲ್ಲಿ ಇಪ್ಪತ್ತೇಳು ತಿರುವು.
ಕೆಂಪು ಬಣ್ಣಕ್ಕೆ ಅವುಗಳಲ್ಲಿ ಒಂದೂ ಗೊತ್ತಿಲ್ಲ.

ಪಿಸ್ಟನ್ನು, ಸೀಲು, ಪ್ಯಾಡು
ಮೂರು ಗಂಟೆಯ ಬಸ್ಸಿನಲ್ಲಿ ಬಂದವು,
ಕಂಡಕ್ಟರನ ಸೀಟಿನಡಿ, ಯಾರದೋ ಮಲ್ಲಿಗೆ ಮೂಟೆಗೆ ಒರಗಿಕೊಂಡು.
ಅಷ್ಟರಲ್ಲಿ ನಾನು ತಂತಿ ಬ್ರಷ್ಷಿನಲ್ಲಿ ತುಕ್ಕು ಉಜ್ಜಿ,
ಸೀಮೆಎಣ್ಣೆ, ಆಮೇಲೆ ಸೋಪಿನ ನೀರು,
ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿಸಿಲಿಗಿಟ್ಟೆ.
ಎರಡು ಕಪ್ಪೆ ಅಂಗಾತ ಮಲಗಿದಂತೆ ಕಂಡವು.
ಬಣ್ಣ ಬಳಿದವಳೂ ನಾನೇ.
ಜಡೇಸ್ವಾಮಿಯ ಕೈ ಈಗೀಗ ನಡುಗುತ್ತದೆ;
ನಟ್ಟು ತಿರುಗಿಸುವಾಗ ಕಾಣುವುದಿಲ್ಲ,
ಕುಂಚ ಹಿಡಿದರೆ ಕಾಣುತ್ತದೆ.

ಬಣ್ಣ ಕಡೆಗೆ ಅಂದಿದ್ದ ಅವನು. ಹುಡುಗನಿಗೆ ಅವಸರ.
ಪೈಪು ಜೋಡಿಸುವಾಗ ಬ್ರೇಕ್ ಆಯಿಲ್ ಒಂದೇ ಒಂದು ಹನಿ ಬಿತ್ತು,
ಹೊಸ ಕೆಂಪು ಹಾಲಿನ ಕೆನೆಯಂತೆ ಸುಕ್ಕಾಗಿ ಎದ್ದು ಬಂತು.
ಆ ಎಣ್ಣೆಗೆ ಸಿಂಗಾರ ಕಂಡರಾಗದು.
ಉಜ್ಜಿ ಮತ್ತೆ ಬಳಿದೆ. ಹುಡುಗ ಮಾತಾಡಲಿಲ್ಲ.

ಆಮೇಲೆ ನನ್ನ ಸೀಟು, ನನ್ನ ಗೋಡೆ, ನನ್ನ ಮುರುಗ.
ಒತ್ತು.
ಪಾರದರ್ಶಕ ಕೊಳವೆಯಲ್ಲಿ ಗುಳ್ಳೆ ಓಡುತ್ತವಂತೆ,
ನಾನು ನೋಡಿಲ್ಲ, ಪಾದಕ್ಕೆ ಗೊತ್ತು:
ಗಾಳಿಯಿದ್ದರೆ ಪೆಡಲು ಹಸಿ ಮಣ್ಣು,
ಗಾಳಿ ಹೋದರೆ ಕಲ್ಲು.
ಒಮ್ಮೆ ಮಗು ಅತ್ತಿತೆಂದು ಹೇಳುವ ಮೊದಲೇ ಕಾಲು ತೆಗೆದಿದ್ದೆ,
ಹೋದ ಗಾಳಿಯೆಲ್ಲ ಒಳಗೆ ಬಂತು.
ಅವತ್ತು ಜಡೇಸ್ವಾಮಿ ಬಯ್ಯಲಿಲ್ಲ.
ಮೊದಲಿಂದ ಶುರು ಮಾಡಿದ, ಅಷ್ಟೆ. ಅದು ಇನ್ನೂ ನೆನಪಿದೆ.

ಬಲಗಡೆಗೆ ಇನ್ನೊಂದು ಪೆಡಲಿದೆ.
ಹನ್ನೊಂದು ವರ್ಷದಲ್ಲಿ ಅದರ ಮೇಲೆ
ನನ್ನ ಬೆರಳು ಕೂಡ ಬಿದ್ದಿಲ್ಲ.
ಯಾರೂ ಬೇಡವೆಂದಿಲ್ಲ. ಯಾರೂ ಕೂಗಿಲ್ಲ, ಅದಕ್ಕೆ.

ಗೇಟು ಮುಚ್ಚುವ ಮುಂಚೆ ಇಳಿಯಬೇಕೆಂದು
ಗುರುಮಲ್ಲು ಸಂಜೆಯೇ ಹೊರಟ.
ಚಕ್ರದ ಸಂದಿಯಲ್ಲಿ ಕೆಂಪು ಒಂದು ಸಲ ಮಿಂಚಿತು,
ನಿಜ ಹೇಳಬೇಕು, ಚೆನ್ನಾಗಿತ್ತು.

ಒಲೆಯ ಮೇಲೆ ಎಸರು ಕುದಿಯಿತು. ಹಿಟ್ಟು ಬಿಟ್ಟೆ.
ಕೆಳಗಿಳಿಸಿ, ಕವೆಗೋಲು ಕೊಟ್ಟು, ಕಾಲಲ್ಲಿ ಮೆಟ್ಟಿ,
ಮುದ್ದೆ ತಿರುವತೊಡಗಿದೆ.
ಈಗ ಹಾಸನೂರು ದಾಟಿರಬೇಕು.
ಈಗ ಮೊದಲನೇ ತಿರುವು.
ಕೋಲಿನ ಮೇಲೆ ಬಲಗಾಲು ತಾನಾಗಿ ಬಿಗಿಯಿತು, ಸಡಿಲಿತು.
ಎರಡನೆಯದು. ಒತ್ತು. ಬುಡು.
ಎದುರಿಗೆ ಕಬ್ಬಿನ ಲಾರಿ ಬಂದರೆ? ಹಿಡ್ಕ.
ಹತ್ತೊಂಬತ್ತರ ತನಕ ಎಣಿಸಿದ್ದೆ,
‘ಗಂಟಾಯ್ತದೆ ನೋಡಮ್ಮಿ’ ಅಂದ ಜಡೇಸ್ವಾಮಿ,
ಕೈ ತೊಳೆದು ತಟ್ಟೆ ಮುಂದೆ ಕೂತು.